ಹೊಸ ಮನೆ ಕೊಳ್ಳುವವರು ಮೊದಲು ನೋಡಬೇಕಾದದ್ದು ನೀರಿನ ದಾರಿ

ಪ್ರಶ್ನೆ: ಮಣಿಪಾಲದ ಕೆಳಗಿನ ಇಳಿಜಾರಿನಲ್ಲಿ, 6 ಸೆಂಟ್ಸ್ ಜಾಗದಲ್ಲಿ ಕಟ್ಟಿ ಮುಗಿಸಿರುವ ಎರಡು ಅಂತಸ್ತಿನ ಹೊಸ ಮನೆಯೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದೇವೆ. ನನ್ನ ಪತಿ ದುಬೈಯಲ್ಲಿ ಉದ್ಯೋಗದಲ್ಲಿದ್ದು, ಜನವರಿಯ ರಜೆಯಲ್ಲಿ ಬಂದಾಗಲೇ ವ್ಯವಹಾರ ಮುಗಿಸಬೇಕೆಂದಿದ್ದಾರೆ. 74 ವರ್ಷದ ಅತ್ತೆಯವರೂ ನಮ್ಮೊಂದಿಗೆ ಇರುತ್ತಾರೆ. ವಕೀಲರು ದಾಖಲೆ ನೋಡಿದ್ದಾರೆ, ವಾಸ್ತುವನ್ನೂ ತೋರಿಸಿಯಾಗಿದೆ. ಬಣ್ಣ, ಟೈಲ್ಸ್, ಬಾಗಿಲು ಎಲ್ಲವೂ ಚೆನ್ನಾಗಿ ಕಾಣುತ್ತವೆ. ಆದರೆ ವಿನ್ಯಾಸದಲ್ಲೇ ಕೊರತೆ ಇದ್ದರೆ ಅದನ್ನು ನಮ್ಮಂಥವರು ತಿಳಿಯುವುದು ಹೇಗೆ?
– ಓದುಗರೊಬ್ಬರು, ಉಡುಪಿ

ಉತ್ತರ: ಟೈಲ್ಸ್ ಬಿರುಕು ಬಿಟ್ಟಿದ್ದರೆ ಬದಲಾಯಿಸಬಹುದು, ನಲ್ಲಿ ಸೋರಿದರೆ ಪ್ಲಂಬರ್ ಬಂದು ಸರಿಮಾಡುತ್ತಾನೆ. ಅವು ಕೆಲಸದ ದೋಷಗಳು. ಮನೆಯನ್ನು ಜಾಗದಲ್ಲಿ ಎಲ್ಲಿ ಕೂರಿಸಿದ್ದಾರೆ, ಅಂಗಳದ ಮಟ್ಟ ಎಷ್ಟಿದೆ, ಕಿಟಕಿ ಯಾವ ಗೋಡೆಯಲ್ಲಿದೆ, ಮೆಟ್ಟಿಲು ಎಷ್ಟು ಕಡಿದಾಗಿದೆ ಎಂಬುವು ವಿನ್ಯಾಸದ ವಿಚಾರಗಳಾಗಿದ್ದು, ಕೊಂಡ ಮೇಲೆ ಇವುಗಳಲ್ಲಿ ಹೆಚ್ಚಿನವನ್ನು ತಿದ್ದಲು ಆಗುವುದಿಲ್ಲ, ತಿದ್ದಲು ಹೊರಟರೆ ಅರ್ಧ ಮನೆಯನ್ನೇ ಒಡೆಯಬೇಕಾಗುತ್ತದೆ. ನೀವು ಮನೆ ನೋಡುತ್ತಿರುವುದು ಜನವರಿಯಲ್ಲಿ ಎಂಬುದು ನನಗೆ ಸ್ವಲ್ಪ ಚಿಂತೆಯ ವಿಷಯ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುವ ಈ ಊರಿನಲ್ಲಿ ಜನವರಿಯ ಬಿಸಿಲಿಗೆ ಎಲ್ಲ ಮನೆಗಳೂ ಒಳ್ಳೆಯ ಮನೆಗಳೇ.

ಆದ್ದರಿಂದ ಮೊದಲು ಮನೆಯೊಳಗೆ ಹೋಗದೆ ಹೊರಗೆ ಒಂದು ಸುತ್ತು ಬನ್ನಿ. ಜುಲೈಯಲ್ಲಿ ಒಂದೇ ದಿನ 100 ಮಿ.ಮೀ. ಮಳೆಯಾಗುವುದು ಇಲ್ಲಿ ಅಪರೂಪವಲ್ಲ. ಅಷ್ಟು ಮಳೆ ಬಿದ್ದರೆ 6 ಸೆಂಟ್ಸ್ ಜಾಗದ ಮೇಲೆ ಬೀಳುವ ನೀರೇ 24,000 ಲೀಟರ್ ದಾಟುತ್ತದೆ. ಇಳಿಜಾರಿನ ಜಾಗವಾದ್ದರಿಂದ ಮೇಲಿನವರ ಅಂಗಳದ ನೀರೂ ಅದಕ್ಕೆ ಸೇರಬಹುದು. ಈಗಿನ ಪದ್ಧತಿಯಂತೆ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದ್ದರೆ ಅದರಲ್ಲಿ ಇಂಗುವುದು ತೀರಾ ಕಡಿಮೆ. ಹಾಗಾದರೆ ಆ ನೀರು ಯಾವ ಬದಿಯಿಂದ ಹರಿದು, ಯಾವ ಚರಂಡಿ ಸೇರಿ, ಯಾವ ತೋಡಿಗೆ ಇಳಿಯುತ್ತದೆ ಎಂದು ಮಾರುವವರನ್ನು ಕೇಳಿ, ಅವರು ತೋರಿಸಿದ ದಾರಿಯಲ್ಲಿ ಗೇಟಿನ ಆಚೆಗೂ ನಡೆದುಹೋಗಿ ನೋಡಿ. ರಸ್ತೆಗಿಂತ ಅಂಗಳ, ಅಂಗಳಕ್ಕಿಂತ ಮನೆಯ ನೆಲ ಎತ್ತರದಲ್ಲಿರಬೇಕು. ರಸ್ತೆಗೆ ಮುಂದೆ ಡಾಂಬರು ಅಥವಾ ಕಾಂಕ್ರೀಟು ಬಿದ್ದಾಗ ಅದರ ಮಟ್ಟ ಏರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪಕ್ಕದ ಮನೆಯವರನ್ನು ಮಾತಾಡಿಸಿ, ಕಳೆದ ಮಳೆಗಾಲದಲ್ಲಿ ಈ ಜಾಗದಲ್ಲಿ ನೀರು ನಿಂತಿತ್ತೇ ಎಂದು ಕೇಳುವುದಕ್ಕೆ ಯಾವ ಎಂಜಿನಿಯರೂ ಬೇಕಾಗಿಲ್ಲ.

ಮನೆಯ ಹಿಂದೆ ಧರೆ ಅಗೆದು ಜಾಗ ಸಮತಟ್ಟು ಮಾಡಿದ್ದಾರೆಯೇ ಎಂಬುದು ಇದಕ್ಕಿಂತಲೂ ದೊಡ್ಡ ಪ್ರಶ್ನೆ. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರ ಕೆಳಗೆ ಮೆತ್ತನೆಯ ಶೇಡಿ ಮಣ್ಣು ಇರುವುದು ಸಾಮಾನ್ಯ. ಶೇಡಿ ಮಣ್ಣು ನೀರು ಕುಡಿದು ತನ್ನ ಬಿಗಿ ಕಳೆದುಕೊಂಡಾಗ ಧರೆ ಕುಸಿಯುತ್ತದೆ. ತಡೆಗೋಡೆ ಇದ್ದರೆ ಸಾಲದು, ಅದರ ಹಿಂದೆ ಸೇರುವ ನೀರು ಹೊರಬರಲು ಸಾಲು ಸಾಲಾಗಿ ತೂತುಗಳನ್ನೋ ಪೈಪುಗಳನ್ನೋ ಬಿಟ್ಟಿರಬೇಕು. ಚೆನ್ನಾಗಿ ಗಾರೆ ಮಾಡಿ, ಬಣ್ಣ ಬಳಿದು, ಒಂದು ತೂತೂ ಇಲ್ಲದಂತೆ ಮುಚ್ಚಿದ ತಡೆಗೋಡೆಯನ್ನು ಕಂಡರೆ ನನಗೆ ಭಯವಾಗುತ್ತದೆ. ಹಿಂಬದಿಯಲ್ಲಿ ಅಗೆದ ಮಣ್ಣನ್ನೇ ಮುಂಬದಿಗೆ ತುಂಬಿಸಿ, ಮನೆಯ ಅರ್ಧವನ್ನು ಗಟ್ಟಿ ನೆಲದ ಮೇಲೂ ಉಳಿದರ್ಧವನ್ನು ತುಂಬಿದ ಮಣ್ಣಿನ ಮೇಲೂ ನಿಲ್ಲಿಸಿದ್ದರೆ, ಮುಂಬದಿಯ ಅಡಿಪಾಯವನ್ನು ಗಟ್ಟಿ ನೆಲ ಸಿಗುವವರೆಗೆ ಇಳಿಸಿದ್ದಾರೆಯೇ ಎಂದು ನಕ್ಷೆ ತರಿಸಿ ಖಚಿತಪಡಿಸಿಕೊಳ್ಳಿ. ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಹೊಸ ಮನೆಯಲ್ಲೇ ಕಂಡರೆ ಅದು ಅಡಿಪಾಯ ಕುಸಿಯುತ್ತಿರುವುದರ ಸೂಚನೆಯಾಗಿರಬಹುದು. ತೊಲೆ ಮತ್ತು ಗೋಡೆ ಸೇರುವಲ್ಲಿ ಕಾಣುವ ಕೂದಲೆಳೆಯ ಬಿರುಕು ಸಾಮಾನ್ಯವಾಗಿ ಅಷ್ಟು ಗಂಭೀರವಲ್ಲ.

ಬಾವಿ ಮತ್ತು ಶೌಚದ ಇಂಗುಗುಂಡಿಯ ನಡುವಿನ ಅಂತರವನ್ನು ಟೇಪು ಹಿಡಿದು ಅಳೆಯಿರಿ. ಕುಡಿಯುವ ನೀರಿನ ಬಾವಿಯಿಂದ ಇಂಗುಗುಂಡಿ 18 ಮೀಟರ್, ಅಂದರೆ ಸುಮಾರು 59 ಅಡಿ ದೂರವಿರಬೇಕೆಂಬುದು ಭಾರತೀಯ ಮಾನಕದ ಮಾತು. 6 ಸೆಂಟ್ಸ್ ಎಂದರೆ ಸುಮಾರು 40 ಅಡಿ ಅಗಲ, 65 ಅಡಿ ಉದ್ದದ ಜಾಗ. ಒಂದು ಬಾವಿ, ಒಂದು ಇಂಗುಗುಂಡಿಯನ್ನು ಎದುರುಬದುರು ಮೂಲೆಗಳಲ್ಲಿ ಇಟ್ಟರೆ ಮಾತ್ರ ಈ ಲೆಕ್ಕ ಕೂಡಿಬರುತ್ತದೆ. ಅಷ್ಟು ಮಾಡಿದರೂ ಪಕ್ಕದವರ ಗುಂಡಿ ನಿಮ್ಮ ಬಾವಿಗೆ ತಾಗಿಕೊಂಡೇ ಇರಬಹುದು. ಮುರಕಲ್ಲಿನ ತೂತುಗಳಲ್ಲಿ ನೀರು ಬೇಗ ಹಾದುಹೋಗುವುದರಿಂದ ಇಲ್ಲಿ ರಾಜಿ ಮಾಡಿಕೊಳ್ಳಬೇಡಿ. ಅಂತರ ಸಾಲದಿದ್ದರೆ ಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಬೇರೆ ನೀರಿನ ವ್ಯವಸ್ಥೆ ಇದೆಯೇ ಎಂದು ನೋಡಿದ ಮೇಲಷ್ಟೇ ಮುಂದುವರಿಯಿರಿ.

ಇನ್ನು ಗೋಡೆ ಮತ್ತು ಕಿಟಕಿ. ನಮ್ಮ ಹಿರಿಯರ ಹಂಚಿನ ಮನೆಗಳಲ್ಲಿ ಮಾಡು ಗೋಡೆಯಿಂದ ಎರಡು ಮೂರು ಅಡಿ ಹೊರಗೆ ಚಾಚಿ, ಜಗಲಿಯನ್ನೂ ಗೋಡೆಯನ್ನೂ ಮಳೆಯಿಂದ ಕಾಯುತ್ತಿತ್ತು. ಈಗ ಪೆಟ್ಟಿಗೆಯಂಥ ಮನೆಗಳ ಕಾಲ. ಕಿಟಕಿಯ ಮೇಲೆ ಸನ್‌ಶೇಡ್ ಇಲ್ಲದಿರುವುದೇ ಚೆಂದ ಎನಿಸಿಕೊಂಡಿದೆ. ಮಳೆಗಾಲದ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವುದರಿಂದ ಪಶ್ಚಿಮ ಮತ್ತು ದಕ್ಷಿಣ ಬದಿಯ ಕಿಟಕಿಗಳಿಗೆ ಕನಿಷ್ಠ 2 ಅಡಿಯ ಸನ್‌ಶೇಡ್ ಇದೆಯೇ, ಅದರ ಅಂಚಿನ ಕೆಳಭಾಗದಲ್ಲಿ ನೀರು ಹಿಂದಕ್ಕೆ ಹರಿದು ಗೋಡೆಗೆ ಬಾರದಂತೆ ಗೀರು ಎಳೆದಿದ್ದಾರೆಯೇ, ಕಿಟಕಿಯ ಕೆಳಕಟ್ಟೆ ಹೊರಕ್ಕೆ ಇಳಿಜಾರಾಗಿದೆಯೇ ಎಂದು ನೋಡಿ. ಸೆಕೆಯ ಊರಿಗೆ ಕಿಟಕಿಯೂ ದೊಡ್ಡದಿರಬೇಕು. ನೆಲದ ವಿಸ್ತೀರ್ಣದ ಆರನೆಯ ಒಂದು ಭಾಗದಷ್ಟು ಕಿಟಕಿ ಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. 120 ಚದರಡಿಯ ಕೋಣೆಗೆ 20 ಚದರಡಿ. ಜಾರುಗಾಜಿನ ಕಿಟಕಿಯಾದರೆ ಅದರಲ್ಲಿ ಗಾಳಿಗೆ ತೆರೆಯುವುದು ಅರ್ಧ ಮಾತ್ರ ಎಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ. ಎದುರುಬದುರು ಇಲ್ಲವೇ ಅಕ್ಕಪಕ್ಕದ ಎರಡು ಗೋಡೆಗಳಲ್ಲಿ ಕಿಟಕಿ ಇದ್ದರೆ ಮಾತ್ರ ಮೇ ತಿಂಗಳಲ್ಲಿ ಮಲಗಲು ಸಾಧ್ಯ.

ತಾರಸಿಯಲ್ಲಿ ನೀರಿಳಿಯುವ ಪೈಪುಗಳು ಎಷ್ಟಿವೆ, ಅವುಗಳತ್ತ ಇಳಿಜಾರು ಇದೆಯೇ ನೋಡಿ; ಸಾಧ್ಯವಾದರೆ ಪೈಪು ಮುಚ್ಚಿ ಒಂದು ದಿನ ನೀರು ನಿಲ್ಲಿಸಲು ಹೇಳಿ. ‘ಮುಂದೆ ತಾರಸಿಯ ಮೇಲೆ ಶೀಟ್ ಹಾಕಿಸಿಕೊಳ್ಳಿ, ಸೋರುವುದಿಲ್ಲ’ ಎಂದು ಮಾರುವವರೇ ಹೇಳಿದರೆ, ಅದರ ಖರ್ಚನ್ನು ಈಗಲೇ ಬೆಲೆಯಲ್ಲಿ ಕಳೆಯಲು ಹೇಳಿ. ಮಹಡಿಯ ಬಚ್ಚಲು ಕೆಳಗಿನ ಬಚ್ಚಲಿನ ಮೇಲೆಯೇ ಬಂದಿದ್ದರೆ ಒಳ್ಳೆಯದು. ದೇವರಕೋಣೆ ಅಥವಾ ಊಟದ ಕೋಣೆಯ ಮೇಲೆ ಬಂದಿದ್ದರೆ ಒಂದು ಸಣ್ಣ ಸೋರಿಕೆಯೂ ದೊಡ್ಡ ತಲೆನೋವಾಗುತ್ತದೆ. ನಾಲ್ಕು ತಿಂಗಳು ಬಟ್ಟೆ ಒಣಗಿಸುವುದು ಎಲ್ಲಿ ಎಂಬ ಪ್ರಶ್ನೆಯನ್ನು ನಕ್ಷೆ ಬರೆಯುವ ಗಂಡಸರು ಕೇಳಿಕೊಳ್ಳುವುದೇ ಕಡಿಮೆ, ನೀವು ಕೇಳಿ. ಅಡುಗೆಕೋಣೆಯ ಹಿಂದಿನ ವರ್ಕ್ ಏರಿಯಾವನ್ನು ಅನುಮೋದಿತ ನಕ್ಷೆಯಲ್ಲಿ ಖಾಲಿ ಬಿಡಬೇಕಾದ ಜಾಗದಲ್ಲಿ ಕಟ್ಟಿರುವುದೂ ಉಂಟು, ಆದ್ದರಿಂದ ನಕ್ಷೆಯನ್ನು ಕೈಯಲ್ಲಿ ಹಿಡಿದೇ ಮನೆ ಸುತ್ತಿ.

ನಿಮ್ಮ ಅತ್ತೆಯವರಿಗಾಗಿ ಕೆಳ ಅಂತಸ್ತಿನಲ್ಲೇ ಬಚ್ಚಲು ಸೇರಿದ ಮಲಗುವ ಕೋಣೆ ಇರಬೇಕು. ಮೆಟ್ಟಿಲಿನ ಎತ್ತರ 19 ಸೆಂ.ಮೀ. ಮೀರಬಾರದು, ಕಾಲಿಡುವ ಅಗಲ 25 ಸೆಂ.ಮೀ.ಗಿಂತ ಕಡಿಮೆ ಇರಬಾರದು. ಮೊದಲ ಮತ್ತು ಕೊನೆಯ ಮೆಟ್ಟಿಲನ್ನು ಪ್ರತ್ಯೇಕವಾಗಿ ಅಳೆಯಿರಿ. ನೆಲಕ್ಕೆ ಟೈಲ್ಸ್ ಕೂತಾಗ ವ್ಯತ್ಯಾಸವಾಗುವುದು ಅಲ್ಲಿಯೇ, ಜನ ಎಡವುವುದೂ ಅಲ್ಲಿಯೇ.

ಕೊನೆಗೆ ಒಂದು ಕಾನೂನಿನ ಮಾತು. 500 ಚದರ ಮೀಟರ್ ಮೀರದ ಜಾಗದ ಯೋಜನೆಗಳಿಗೆ ರೇರಾ (ಮನೆ ಕೊಳ್ಳುವವರ ರಕ್ಷಣೆಗಿರುವ ರಿಯಲ್ ಎಸ್ಟೇಟ್ ಕಾಯ್ದೆ) ನೋಂದಣಿ ಕಡ್ಡಾಯವಲ್ಲ. ನಿಮ್ಮ 6 ಸೆಂಟ್ಸ್ ಸುಮಾರು 243 ಚದರ ಮೀಟರ್. ಹಾಗಾಗಿ ಸೋರಿಕೆ, ಬಿರುಕು, ತಡೆಗೋಡೆಗಳ ಹೊಣೆ ಎಷ್ಟು ವರ್ಷ ಮಾರುವವರದ್ದು ಎಂಬುದನ್ನು ಕರಾರುಪತ್ರದಲ್ಲೇ ಬರೆಸಿಕೊಳ್ಳಿ. ಕನಿಷ್ಠ ಒಂದು ಮಳೆಗಾಲ ಕಳೆಯುವವರೆಗೆ ಹಣದ ಒಂದು ಪಾಲನ್ನು ತಡೆಹಿಡಿಯಲು ಅವರು ಒಪ್ಪಿದರೆ ಅದಕ್ಕಿಂತ ಒಳ್ಳೆಯ ಖಾತರಿ ಇಲ್ಲ.

ಪ್ರಶ್ನೆ: ಮಂಗಳೂರಿನ ಹೊಸ ವಸತಿ ಸಂಕೀರ್ಣದ 7ನೇ ಅಂತಸ್ತಿನ ಫ್ಲ್ಯಾಟಿಗೆ, ಪಶ್ಚಿಮಕ್ಕೆ ಸಮುದ್ರ ಕಾಣುತ್ತದೆ ಎಂದು ಹೆಚ್ಚು ಬೆಲೆ ಹೇಳುತ್ತಿದ್ದಾರೆ. ಕೊಡಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಸಮುದ್ರ ಕಾಣುವ ಬದಿಯೆಂದರೆ ಮಳೆ, ಉಪ್ಪುಗಾಳಿ, ಸಂಜೆಯ ಬಿಸಿಲು ಮೂರೂ ನೇರವಾಗಿ ಬಡಿಯುವ ಬದಿ. ಆ ಗೋಡೆಗೆ ನೆರಳು ಕೊಡುವ ಆಳವಾದ ಬಾಲ್ಕನಿ ಇಲ್ಲದೆ ನೆಲದಿಂದ ಸೂರಿನವರೆಗೆ ಬರಿಯ ಗಾಜಿದ್ದರೆ ಹೆಚ್ಚು ಬೆಲೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಸಮುದ್ರದ ಗಾಳಿಗೆ ತೆರೆದುಕೊಂಡ ಕಾಂಕ್ರೀಟಿಗೆ ಭಾರತೀಯ ಮಾನಕ ಐಎಸ್ 456, ಎಂ30 ಎಂಬ ಬಲದ ದರ್ಜೆಯನ್ನೂ ಕಬ್ಬಿಣದ ಮೇಲೆ 45 ಮಿ.ಮೀ. ಕಾಂಕ್ರೀಟ್ ಹೊದಿಕೆಯನ್ನೂ ಹೇಳುತ್ತದೆ. ಕಟ್ಟಡದ ವಿನ್ಯಾಸಪತ್ರದಲ್ಲಿ ಇವೆರಡನ್ನು ತೋರಿಸಲು ಕೇಳಿ. ರೇರಾ ಕಾಯ್ದೆಯಡಿ, ಸ್ವಾಧೀನ ಪಡೆದ ದಿನದಿಂದ 5 ವರ್ಷದೊಳಗೆ ರಚನೆ ಅಥವಾ ಕೆಲಸದ ದೋಷ ಕಂಡರೆ, ದೂರು ಕೊಟ್ಟ 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸುವುದು ನಿರ್ಮಾಣದಾರರ ಹೊಣೆ. ಆದರೆ ಕೋಣೆ ಸಂಜೆ ಕಾದ ಕಾವಲಿಯಂತಾಗುವುದನ್ನು ಅವರು ದೋಷವೆಂದು ಒಪ್ಪುವುದಿಲ್ಲ. ಮುಂಗಡ ಕೊಡುವ ಮೊದಲು ಬಿಸಿಲಿರುವ ಒಂದು ದಿನ, ಮಧ್ಯಾಹ್ನ 3ರಿಂದ 5 ಗಂಟೆಯವರೆಗೆ ಫ್ಯಾನ್ ಹಾಕದೆ ಆ ಕೋಣೆಯಲ್ಲಿ ಕುಳಿತು ನೋಡಿ.