ಗ್ವಾದಲಿಯಿಂದ ಆರಂಭಿಸಿ

ಆತ್ಮೀಯ ಲೇಖಕರಿಗೆ ಬೆಳಗಾವಿಯಿಂದ ನಮಸ್ಕಾರಗಳು.

ಕ್ರಿಸ್‌ಮಸ್ ಸಂಚಿಕೆಗೆಂದು ನೀವು ಮುಧೋಳದಿಂದ ಕಳುಹಿಸಿದ ‘ವೇಷ ಧರಿಸಿದ ದೇವರು’ ಎಂಬ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ನಿಮ್ಮ ಭಾಷೆ ಸೊಗಸಾಗಿದೆ, ಶ್ರದ್ಧೆಯೂ ಕಾಣುತ್ತದೆ. ಆದರೆ ಇಡೀ ಲೇಖನ ಯಾವ ಹೋಲಿಕೆಯ ಮೇಲೆ ನಿಂತಿದೆಯೋ ಆ ಹೋಲಿಕೆಯೇ ನೀವು ಹೇಳಹೊರಟ ನಂಬಿಕೆಯನ್ನು, ದೇವರು ಯೇಸುವಿನಲ್ಲಿ ನಿಜವಾಗಿಯೂ ಮನುಷ್ಯನಾದ ಎಂಬುದನ್ನು, ಅಲ್ಲಗಳೆಯುತ್ತದೆ. ‘ಆಯ್ಕೆಯಾಗಿಲ್ಲ’ ಎಂದು ಒಂದು ಸಾಲು ಬರೆದು ಹಿಂದಿರುಗಿಸಲು ಮನಸ್ಸಾಗಲಿಲ್ಲ. ನಾನು ಈ ನಂಬಿಕೆಯಲ್ಲಿಯೇ ಬೆಳೆದವನು. ಅದಲ್ಲದೆ ನಾಲ್ಕನೆಯ ಪುಟದಲ್ಲಿ ನೀವು ಬರೆದಿರುವ ಏಳು ಸಾಲುಗಳು ನನ್ನನ್ನು ಬಿಡಲೊಲ್ಲವು. ಅವುಗಳ ಮಾತನ್ನು ಆಮೇಲೆ ಆಡುತ್ತೇನೆ.

ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಹಗಲೆಲ್ಲ ಹೊಲದಲ್ಲಿ ದುಡಿದವನು ರಾತ್ರಿ ಬಣ್ಣ ಹಚ್ಚಿ, ಕಿರೀಟ ಕಟ್ಟಿ ಕೃಷ್ಣನಾಗಿ ನಿಲ್ಲುತ್ತಾನೆ, ಬೆಳಗಾದ ಮೇಲೆ ಮುಖ ತೊಳೆದು ಮನೆಗೆ ಹೋಗುತ್ತಾನೆ. ಹಾಗೆಯೇ ದೇವರು ಮೂವತ್ತಮೂರು ವರ್ಷ ಮನುಷ್ಯನ ವೇಷದಲ್ಲಿದ್ದು ಹಿಂದಿರುಗಿದ ಎಂದು ನೀವು ಬರೆದಿದ್ದೀರಿ. ನಮ್ಮ ಸೀಮೆಯ ಓದುಗರಿಗೆ ಇದಕ್ಕಿಂತ ಹತ್ತಿರದ ಚಿತ್ರ ಸಿಗಲಿಕ್ಕಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಆಟದಲ್ಲಿ ಪಾತ್ರಕ್ಕೆ ಬಾಣ ತಾಗಿದರೆ ಬಣ್ಣ ಹಚ್ಚಿದವನಿಗೆ ಗಾಯವಾಗುವುದಿಲ್ಲ. ಯೇಸುವಿನ ದೇಹವು ವೇಷವಾಗಿದ್ದರೆ, ಆತ ಸಮಾರ್ಯದ ಬಾವಿಯ ಬಳಿ ದಣಿದು ಕುಳಿತದ್ದು, ದೋಣಿಯಲ್ಲಿ ತಲೆದಿಂಬಿಗೆ ಒರಗಿ ನಿದ್ದೆಹೋದದ್ದು, ಗೆಳೆಯ ಲಾಜರನ ಸಮಾಧಿಯ ದಾರಿಯಲ್ಲಿ ಅತ್ತದ್ದು, ಶಿಲುಬೆಯ ಮೇಲೆ ನೀರಡಿಕೆಯಾಗಿದೆ ಎಂದದ್ದು, ಎಲ್ಲವೂ ಅಭಿನಯವಾಗಿಬಿಡುತ್ತವೆ. ಹೀಗೆಯೇ ವಾದಿಸಿದವರು ಕ್ರೈಸ್ತ ಸಭೆಯ ಮೊದಲ ದಿನಗಳಲ್ಲಿಯೇ ಇದ್ದರು. ಪವಿತ್ರನಾದ ದೇವರು ಮಲಿನವಾದ ಮಾಂಸವನ್ನು ಮುಟ್ಟಲಾರ, ಕಂಡದ್ದೆಲ್ಲ ತೋರಿಕೆ ಎಂಬುದು ಅವರ ಮಾತು. ಅದರಲ್ಲಿ ಭಕ್ತಿಯೇ ಇತ್ತು, ಆದರೂ ಸಭೆ ಅದನ್ನು ಒಪ್ಪಲಿಲ್ಲ. ಕ್ರಿಸ್ತನು ಶರೀರಧಾರಿಯಾಗಿ ಬಂದನೆಂದು ಒಪ್ಪುವುದೇ ಪರೀಕ್ಷೆ ಎಂದು ಯೋಹಾನನ ಮೊದಲನೆಯ ಪತ್ರ ಹೇಳುತ್ತದೆ. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್, ಮರಣದಂಡನೆಗಾಗಿ ರೋಮ್‌ಗೆ ಒಯ್ಯಲ್ಪಡುತ್ತಿದ್ದಾಗ, ಕ್ರಿಸ್ತನ ಸಂಕಟವು ತೋರಿಕೆಯಾಗಿದ್ದರೆ ತಾನು ಈ ಬೇಡಿ ತೊಟ್ಟಿರುವುದು ಏತಕ್ಕೆ ಎಂದು ಕೇಳಿದ.

‘ದೇಹ ಮಾತ್ರ ಮನುಷ್ಯನದು, ಒಳಗಿನ ಮನಸ್ಸು ದೇವರದು’ ಎಂಬ ನಿಮ್ಮ ಮೂರನೆಯ ಪುಟದ ವಾಕ್ಯವೂ ಇದೇ ದಾರಿಯದು. ನಾಲ್ಕನೆಯ ಶತಮಾನದಲ್ಲಿ ಅಪೊಲಿನಾರಿಸ್ ಎಂಬ ಬಿಷಪ್ ಹೆಚ್ಚುಕಡಿಮೆ ಇದನ್ನೇ ಕಲಿಸಿದ. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಬಿಷಪ್‌ಗಳ ಮಹಾಸಭೆ ಅದನ್ನು ತಳ್ಳಿಹಾಕಿತು. ಅದೇ ಕಾಲದ ಬಿಷಪ್ ನಾಜಿಯಾನ್ಸಸ್‌ನ ಗ್ರೆಗರಿ ಕೊಟ್ಟ ಉತ್ತರದ ತಾತ್ಪರ್ಯವಿಷ್ಟು: ದೇವರು ಯಾವುದನ್ನು ತನ್ನದಾಗಿ ತೆಗೆದುಕೊಳ್ಳಲಿಲ್ಲವೋ ಅದು ವಾಸಿಯಾಗದೆ ಉಳಿಯಿತು. ನಮ್ಮ ಭಯ, ಗೊಂದಲ, ಕಲಿಯಬೇಕಾದ ಅಜ್ಞಾನ ಎಲ್ಲವೂ ಮನಸ್ಸಿನಲ್ಲಿಯೇ ಇರುವಾಗ, ಆ ಮನಸ್ಸನ್ನು ಹೊರಗೆ ನಿಲ್ಲಿಸಿ ದೇಹವನ್ನಷ್ಟೇ ಉಟ್ಟುಕೊಂಡ ದೇವರಿಂದ ನಮಗೇನು ಉಪಕಾರ? ಬಾಲಕ ಯೇಸು ಜ್ಞಾನದಲ್ಲಿ ಬೆಳೆದನೆಂದು ಲೂಕನು ತನ್ನ ಸುವಾರ್ತೆಯಲ್ಲಿ ಬರೆದಿರುವುದನ್ನು ನೀವೇ ಉಲ್ಲೇಖಿಸಿದ್ದೀರಿ. ಬೆಳೆಯಬೇಕಾದರೆ ಕಲಿಯಲು ಏನಾದರೂ ಉಳಿದಿರಲೇಬೇಕು. 451ರ ಕಾಲ್ಸಿಡನ್ ಮಹಾಸಭೆಯ ನಿರ್ಣಯದ ಪ್ರಕಾರ ಒಬ್ಬನೇ ಕ್ರಿಸ್ತನಲ್ಲಿ ದೈವಸ್ವಭಾವ, ಮನುಷ್ಯಸ್ವಭಾವ ಎರಡೂ ಪೂರ್ಣವಾಗಿವೆ. ಅವು ಬೆರೆತು ಬೇರೊಂದಾಗುವುದಿಲ್ಲ, ಒಡೆದು ಎರಡು ವ್ಯಕ್ತಿಗಳೂ ಆಗುವುದಿಲ್ಲ. ಇದು ಹೇಗೆ ಸಾಧ್ಯ ಎಂದು ಆ ಮಹಾಸಭೆ ವಿವರಿಸಲಿಲ್ಲ. ನೀವೂ ವಿವರಿಸಲು ಹೋಗಬೇಡಿ.

‘ಅವತಾರ’ ಎಂಬ ಮಾತಿನ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಅದನ್ನು ಬಳಸಿದ್ದು ನಿಮ್ಮ ತಪ್ಪಲ್ಲ. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ವಾಕ್ಯವೆಂಬವನು, ಎಂದರೆ ಕ್ರಿಸ್ತನು, ನರಾವತಾರ ಎತ್ತಿದನೆಂದು ನಮ್ಮ ಕನ್ನಡ ಬೈಬಲೇ ಹೇಳುತ್ತದೆ. ಆದರೆ ನೀವು ಕ್ರಿಸ್ತನನ್ನು ದಶಾವತಾರಗಳ ಸಾಲಿಗೆ ಹನ್ನೊಂದನೆಯವನಾಗಿ ಸೇರಿಸಿದ್ದೀರಿ, ಅದರಿಂದ ಎರಡು ನಂಬಿಕೆಗಳಿಗೂ ಅನ್ಯಾಯವಾಗಿದೆ. ನಿಮ್ಮ ಜಿಲ್ಲೆಯದೇ ಆದ ಬಾದಾಮಿಯಲ್ಲಿ, 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ, ತ್ರಿವಿಕ್ರಮನ ಮುಂದೆ ಒಮ್ಮೆ ನಿಂತು ನೋಡಿ. ಕುಳ್ಳ ವಟುವಿನ ರೂಪವು ಬಂದ ಕಾರ್ಯ ಕೈಗೂಡಿದೊಡನೆ ಲೋಕವನ್ನು ಅಳೆಯುವ ರೂಪಕ್ಕೆ ಎಡೆಬಿಡುತ್ತದೆ, ಆ ಶಿಲ್ಪದ ಮಹತ್ವ ಇರುವುದೇ ಆ ಏರಿನಲ್ಲಿ. ಕ್ರೈಸ್ತ ನಂಬಿಕೆಯಲ್ಲಾದರೋ ಮನುಷ್ಯನಾದದ್ದು ಒಂದೇ ಸಲ, ಮತ್ತು ಆ ಮನುಷ್ಯತ್ವವನ್ನು ಆತ ಕಳಚಿಡಲೇ ಇಲ್ಲ. ಸತ್ತು ಎದ್ದುಬಂದ ಯೇಸು ಶಿಷ್ಯನಾದ ತೋಮನಿಗೆ ಗಾಯಗಳನ್ನು ತೋರಿಸುತ್ತಾನೆ, ಶಿಷ್ಯರ ಎದುರಿನಲ್ಲಿ ಸುಟ್ಟ ಮೀನನ್ನು ತಿನ್ನುತ್ತಾನೆ, ಆ ದೇಹದೊಂದಿಗೇ ಪರಲೋಕಕ್ಕೆ ಏರುತ್ತಾನೆ. ಮೂಲ ಗ್ರೀಕಿನಲ್ಲಿ ಯೋಹಾನನ ಮಾತು ಇನ್ನೂ ಒರಟಾಗಿದೆ: ವಾಕ್ಯವು ಮಾಂಸವಾಯಿತು, ನಮ್ಮ ನಡುವೆ ಗುಡಾರ ಹಾಕಿತು. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಗಾರರು ಹಾಕುವ ಗುಡಾರವನ್ನು ಕಂಡ ನಿಮಗೆ ಈ ಕ್ರಿಯಾಪದದ ಬೆಲೆ ಗೊತ್ತಾಗಬೇಕು.

ಎರಡನೆಯ ಪುಟದಲ್ಲಿ ಸಾಲಾಗಿ ಜೋಡಿಸಿರುವ ಗೀತೆಯ ಶ್ಲೋಕಗಳನ್ನೂ ವಚನಗಳನ್ನೂ ತೆಗೆದುಹಾಕಿ. ಅವು ಲೇಖನಕ್ಕೆ ಏನನ್ನೂ ಸೇರಿಸಿಲ್ಲ.

ಇನ್ನು ಆ ಏಳು ಸಾಲುಗಳು. ನಿಮ್ಮ ಅಜ್ಜಿಯ ಮನೆಯಲ್ಲಿ ಒಂದೇ ಮಾಳಿಗೆಯ ಕೆಳಗೆ ಮುಂದೆ ದನ, ಒಳಗೆ ಜನ ಇದ್ದುದನ್ನೂ, ಮಳೆಗಾಲದ ಒಂದು ರಾತ್ರಿ ನೆಂಟರು ತುಂಬಿದ್ದಾಗ ಹಸುಗೂಸನ್ನು ಮೆತ್ತನೆಯ ಕಣಕಿ ಹಾಸಿದ ಗ್ವಾದಲಿಯಲ್ಲಿ, ಎಂದರೆ ದನಗಳಿಗೆ ಮೇವು ಹಾಕುವ ತೊಟ್ಟಿಯಲ್ಲಿ, ಮಲಗಿಸಿದ್ದನ್ನೂ ಹೇಳಿ, ಅಲ್ಲಿಗೇ ಬಿಟ್ಟು ಮುಂದೆ ಹೋಗಿದ್ದೀರಿ. ಯಾಕೆ ಬಿಟ್ಟಿರಿ? ಕೂಸು ಯೇಸುವನ್ನೂ ಗ್ವಾದಲಿಯಲ್ಲಿಯೇ ಮಲಗಿಸಿದ್ದರು; ಅದಕ್ಕೆ ಕಾರಣವಾಗಿ ಲೂಕನು ‘ಸ್ಥಳವಿರಲಿಲ್ಲ’ ಎಂದಲ್ಲಿ ಬಳಸಿದ ಗ್ರೀಕ್ ಪದಕ್ಕೆ ಛತ್ರ ಎಂಬುದಕ್ಕಿಂತ ಅತಿಥಿಗಳ ಕೋಣೆ ಎಂಬ ಅರ್ಥವೇ ಹೆಚ್ಚು ಹೊಂದುತ್ತದೆ. ಕಡೆಯ ಭೋಜನ ನಡೆದ ಕೋಣೆಗೂ ಅವನು ಅದೇ ಪದವನ್ನು ಬಳಸಿದ್ದಾನೆ, ಒಳ್ಳೆಯ ಸಮಾರ್ಯದವನ ಕಥೆಯ ಛತ್ರಕ್ಕೆ ಬೇರೆ ಪದವನ್ನು ಬಳಸಿದ್ದಾನೆ. ಯೇಸು ಹುಟ್ಟಿದ ಸೀಮೆಯ ಹಳ್ಳಿಮನೆಗಳಲ್ಲಿಯೂ ದನಗಳನ್ನು ರಾತ್ರಿ ಮನೆಯೊಳಗೇ ಕಟ್ಟುತ್ತಿದ್ದರು. ಬೇರೆಯವರು ಟೀಕೆ ಟಿಪ್ಪಣಿಗಳಿಂದ ತಿಳಿಯಬೇಕಾದದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಸಗಣಿಯ ವಾಸನೆ, ಎತ್ತಿನ ಬಿಸಿಯುಸಿರು, ಹಾಲಿಗಾಗಿ ಅಳುವ ಕೂಸು, ದಣಿದ ಬಾಣಂತಿ: ದೇವರು ಮನುಷ್ಯನಾದನೆಂದರೆ ಇಲ್ಲಿಯವರೆಗೆ ಬಂದನೆಂದು ಅರ್ಥ. ಈ ಚಿತ್ರದ ಮುಂದೆ ನಿಮ್ಮ ವೇಷದ ಹೋಲಿಕೆ ತಾನಾಗಿಯೇ ಉದುರಿಹೋಗುತ್ತದೆ.

ಹಾಗಾಗಿ ಲೇಖನವನ್ನು ಗ್ವಾದಲಿಯಿಂದಲೇ ಆರಂಭಿಸಿ, ಶೀರ್ಷಿಕೆಯನ್ನು ಬದಲಿಸಿ, ಐದು ಪುಟಗಳನ್ನು ಮೂರಕ್ಕೆ ಇಳಿಸಿ ನವೆಂಬರ್ 20ರೊಳಗೆ ಕಳುಹಿಸಿದರೆ ಈ ಸಂಚಿಕೆಯಲ್ಲಿಯೇ ಜಾಗ ಕಾದಿರಿಸುತ್ತೇನೆ. ಆ ಗ್ವಾದಲಿ ಕಲ್ಲಿನದೋ ಕಟ್ಟಿಗೆಯದೋ, ಕೂಸಿನ ಮೇಲೆ ಅಂದು ಏನು ಹೊದಿಸಿದ್ದರು ಎಂಬುದನ್ನು ನೀವು ಬರೆದಿಲ್ಲ. ಮನೆಯ ಹಿರಿಯರನ್ನು ಕೇಳಿ ಅದನ್ನೂ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ