ಬರೆಯಂಚಿನ ಕಾಡು ಕರ್ಣಕುಂಡಲ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ಕಾಫಿ ತೋಟದ ಬಂಡೆ ಬರೆಯಲ್ಲಿ (ಕಡಿದಾದ ದಿಬ್ಬದಲ್ಲಿ) ಮಳೆಗಾಲಕ್ಕೆ ಗುಲಾಬಿ ಬಣ್ಣದ ಕಾಡು ಕರ್ಣಕುಂಡಲ ಅರಳುತ್ತದೆ. ಆಗಸ್ಟ್‌ನಲ್ಲಿ ಹೂವಿದ್ದ ಗಿಡ ಕಿತ್ತು ಕುಂಡದಲ್ಲಿ ನೆಟ್ಟೆ, ಎರಡೇ ದಿನಕ್ಕೆ ಜೋತುಬಿತ್ತು. ಮನೆ ಮುಂದೆ ಬೆಳೆಸಲು ಆಗುವುದಿಲ್ಲವೇ?
– ಓದುಗರು, ಮಡಿಕೇರಿ

ಉತ್ತರ: ಬೀಜದಿಂದಾದರೆ ಬೆಳೆಸಬಹುದು. ಇದು ಒಂದೇ ಮಳೆಗಾಲ ಬದುಕುವ ಗಿಡ. ಹೂ ಬಿಡುವ ಹೊತ್ತಿಗೆ ಆಯುಸ್ಸು ಬಹುಪಾಲು ಮುಗಿದಿರುತ್ತದೆ. ಕಾಂಡದ ತುಂಬ ನೀರಿದ್ದರೂ ಬೇರು ಬಂಡೆ ಸಂದಿನ ತೆಳು ಮಣ್ಣಿನಲ್ಲಿ ಹರಡಿರುತ್ತದೆ. ಕಿತ್ತರೆ ಎಳೆ ಬೇರುಗಳೆಲ್ಲ ಅಲ್ಲೇ ಹರಿದು ಉಳಿಯುತ್ತವೆ. ಮೇಲೆ ಎಷ್ಟು ನೀರು ಸುರಿದರೂ ಎಲೆಗೆ ತಲುಪುವುದಿಲ್ಲ.

ಕಾಯಿ ಉಬ್ಬಿ ಬಣ್ಣ ತಿಳಿಯಾದರೆ ಬಲಿತಿದೆ ಎಂದರ್ಥ. ಆಗ ಬೆರಳು ತಾಗಿದರೂ ಸಿಡಿದು, ಸಿಪ್ಪೆ ಸುರುಳಿ ಸುತ್ತಿಕೊಂಡು ಬೀಜ ಚೆಲ್ಲುತ್ತದೆ. ಹಾಗಾಗಿ ಮೊದಲೇ ಕಾಯಿಗೊಂಚಲಿಗೆ ತೆಳು ಬಟ್ಟೆಯ ಚೀಲ ಕಟ್ಟಿ. ಕಂದು ಬೀಜ ಮಾತ್ರ ಇಟ್ಟುಕೊಳ್ಳಿ. ಬೆಳ್ಳಗಿರುವುದು ಬಲಿತಿಲ್ಲ, ಮೊಳೆಯುವುದಿಲ್ಲ. ನಾಲ್ಕೈದು ದಿನ ನೆರಳಲ್ಲಿ ಆರಿಸಿ ಕಾಗದದ ಪೊಟ್ಟಣದಲ್ಲಿಡಿ. ನಮ್ಮ ಥಂಡಿಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಬೂಷ್ಟು ಬಾರದೆ ಇರದು.

ಮೇ ಕೊನೆಗೆ ಬಿತ್ತಿ. ಎರಡು ಪಾಲು ಕೊಳೆತ ತರಗೆಲೆ, ಒಂದು ಪಾಲು ದಪ್ಪ ಮರಳು, ಒಂದು ಪಾಲು ಸಣ್ಣ ಜಲ್ಲಿ ಸಾಕು. ಬೀಜದ ಮೇಲೆ ಮಣ್ಣು ಉದುರಿಸಿದಂತಿರಲಿ, ಹೂಳಬೇಡಿ. ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನ ಮರದ ನೆರಳು ಬರುವ ಜಾಗ ಒಳ್ಳೆಯದು. ಸೂರಿನ ನೀರು ನೇರ ಬೀಳುವಲ್ಲಿ ಕುಂಡ ಇಟ್ಟರೆ ಮಣ್ಣು ಕದಡಿ ಎಳೆಗಿಡದ ಬುಡ ಕೊಳೆಯುತ್ತದೆ. ಹೆಚ್ಚಿನವರ ಸಸಿ ಸಾಯುವುದೇ ಇಲ್ಲಿ. ಯೂರಿಯಾ ಬೇಡವೇ ಬೇಡ, ಕಾಂಡ ಮೆತ್ತಗಾಗಿ ಮೊದಲ ಗಾಳಿಮಳೆಗೇ ಮಲಗುತ್ತದೆ.

ಬರೆಯಲ್ಲಿರುವ ಗಿಡಗಳನ್ನೂ ಉಳಿಸಿಕೊಳ್ಳಿ. ಕಾಯಿ ಸಿಡಿಯುವವರೆಗೆ ಅಲ್ಲಿ ಕಳೆ ಕೊಚ್ಚಿಸಬೇಡಿ, ಕಳೆನಾಶಕವಂತೂ ಹೊಡೆಸಲೇಬೇಡಿ. ಬೀಜ ನಿಮ್ಮ ತೋಟದ್ದೇ ಆಗಿರಲಿ: ತಲಕಾವೇರಿ, ಬ್ರಹ್ಮಗಿರಿ, ಪುಷ್ಪಗಿರಿ ವನ್ಯಧಾಮಗಳಿಂದ ಅನುಮತಿಯಿಲ್ಲದೆ ಗಿಡ ತರುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡಿ.

ಪ್ರಶ್ನೆ: ಕೆಲವು ಹೂವಿನ ಬಾಯಲ್ಲಿ ಬಿಳಿ ಟೋಪಿಯಂಥದ್ದಿದೆ, ಕೆಲವಕ್ಕಿಲ್ಲ. ಎರಡು ಜಾತಿಯೇ?
– ಓದುಗರು, ಸೋಮವಾರಪೇಟೆ

ಉತ್ತರ: ಜಾತಿ ಒಂದೇ, ಹೂವಿನ ವಯಸ್ಸು ಬೇರೆ. ಆ ಟೋಪಿ ಒಂದಕ್ಕೊಂದು ಅಂಟಿದ ಐದು ಕೇಸರಗಳು. ಮೊದಲು ಪರಾಗ ಕೊಡುತ್ತದೆ, ಆಮೇಲೆ ಕಳಚಿ ಬೀಳುತ್ತದೆ. ಆಗಷ್ಟೇ ಅದರಡಿಯ ಶಲಾಕಾಗ್ರ (ಪರಾಗ ಹಿಡಿಯುವ ಹೆಣ್ಣುಭಾಗದ ತುದಿ) ಹೊರಬಂದು ಬೇರೆ ಹೂವಿನ ಪರಾಗಕ್ಕೆ ತೆರೆದುಕೊಳ್ಳುತ್ತದೆ. ಭೂತಗನ್ನಡಿ ಹಿಡಿದರೆ ಹಸಿರು ತುದಿ ಕಾಣುತ್ತದೆ.