ಫೋನ್ ಒಂದೇ, ಮಕ್ಕಳು ನಲವತ್ತಾರು

ಅಕ್ಕೋರಿಗೆ ಒಂದು ಪ್ರಶ್ನೆ

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ನಾನು ಕೊಪ್ಪಳದಲ್ಲಿ ಬಿ.ಎಡ್. ಎರಡನೇ ವರ್ಷ ಓದುತ್ತಿದ್ದೇನೆ. ನನ್ನದು ಇಂಗ್ಲಿಷ್ ಮೆಥಡ್. ಐಸಿಟಿ, ಅಂದರೆ ಪಾಠಕ್ಕೆ ಕಂಪ್ಯೂಟರ್, ನೆಟ್ ಬಳಸುವ ಪೇಪರಿಗೆ ಅಂತ ಪವರ್‌ಪಾಯಿಂಟ್, ಗೂಗಲ್ ಫಾರ್ಮ್, ಪ್ಯಾಡ್‌ಲೆಟ್, ಕ್ಯಾನ್ವಾ, ಆನ್‌ಲೈನ್ ಕ್ವಿಜ್ ಎಲ್ಲ ಕಲಿತೆ. ಖುಷಿಯಿಂದಲೇ ಕಲಿತೆ. ಪಾಠದಲ್ಲಿ ತಂತ್ರಜ್ಞಾನವನ್ನು ಹೇಗೆ ಸೇರಿಸಬೇಕು ಅನ್ನುವ ಟಿಪ್ಯಾಕ್ ಚೌಕಟ್ಟಿನ ಬಗ್ಗೆ ಬರೆದು ಒಳ್ಳೆ ಅಂಕವೂ ಬಂತು. ಈಗ ಇಂಟರ್ನ್‌ಶಿಪ್‌ಗೆ ಯಲಬುರ್ಗಾ ಕಡೆಯ ಒಂದು ಹಳ್ಳಿ ಶಾಲೆಗೆ ಹಾಕಿದ್ದಾರೆ. ಎಂಟನೇ ತರಗತಿ, 46 ಮಕ್ಕಳು. ಮೂರು ರಾತ್ರಿ ಕೂತು ಒಂದು ಕ್ವಿಜ್ ಮಾಡಿದೆ. ಪಾಠ ನೋಡಲು ನಮ್ಮ ಸರ್ ಬಂದ ದಿನವೇ ಕರೆಂಟ್ ಹೋಯಿತು. ಕರೆಂಟ್ ಬಂದರೆ ನೆಟ್ ಇಲ್ಲ. ಇಪ್ಪತ್ತು ನಿಮಿಷ ಲ್ಯಾಪ್‌ಟಾಪ್ ಕಡೆ ಮುಖ ಮಾಡಿಕೊಂಡೇ ನಿಂತಿದ್ದೆ. ಸರ್ ವಹಿಯಲ್ಲಿ ಬರೆದದ್ದು ಒಂದೇ ಸಾಲು: "ಶಿಕ್ಷಕಿ ಮಕ್ಕಳ ಕಡೆ ನೋಡಲಿಲ್ಲ." ಬಸ್ಸಿನಲ್ಲಿ ಅಳುತ್ತಾ ಬಂದೆ. ಇದೆಲ್ಲ ನಮ್ಮಂಥ ಶಾಲೆಗಲ್ಲ, ಖಡು-ಹಲಗೆ ಸಾಕು ಅನ್ನಿಸುತ್ತಿದೆ. ಕಲಿತದ್ದೆಲ್ಲ ದಂಡವಾಯಿತೇ?

— ಹೆಸರು ಬೇಡ, ಕೊಪ್ಪಳ

ಉತ್ತರ: ತಂಗಿ, ನೀನು ಅಂತಲೇ ಬರೆಯುತ್ತೇನೆ. ನಮ್ಮ ಜಿಲ್ಲೆಯ ಹುಡುಗಿ, ನನ್ನ ಕೆಲಸಕ್ಕೇ ಬರುತ್ತಿರುವವಳು. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ನನಗೆ ತುಂಬಾ ಹಿಡಿಸಿದ ಮಾತು ನಿಮ್ಮ ಸರ್ ಬರೆದ ಆ ಒಂದು ಸಾಲು. ಕರೆಂಟ್ ಹೋದದ್ದಕ್ಕೆ ಅವರು ನಿನ್ನನ್ನು ಬೈದಿಲ್ಲ. ಕ್ವಿಜ್ ನಡೆಯಲಿಲ್ಲ ಅಂತಲೂ ಬರೆದಿಲ್ಲ. ಅವರು ನೋಡಿದ್ದು ನಿನ್ನ ಮುಖ ಯಾವ ಕಡೆ ಇತ್ತು ಅಂತ.

ನನ್ನ ಚಿಕ್ಕಂದಿನ ಒಂದು ವಿಷಯ ಹೇಳುತ್ತೇನೆ. 1975ರಲ್ಲಿ ನನಗೆ ಹತ್ತು ವರ್ಷ. ಕೊಪ್ಪಳ ಆಗ ಬೇರೆ ಜಿಲ್ಲೆ ಆಗಿರಲಿಲ್ಲ, ರಾಯಚೂರು ಜಿಲ್ಲೆಯಲ್ಲೇ ಇತ್ತು. ಆ ವರ್ಷ ಆಗಸ್ಟ್ 1ರಿಂದ ಇಸ್ರೋದವರು ಆರು ರಾಜ್ಯಗಳ 2400 ಹಳ್ಳಿಗಳಿಗೆ ಉಪಗ್ರಹದಿಂದ ಟಿವಿ ಪಾಠ ತೋರಿಸುವ ಪ್ರಯೋಗ ಶುರು ಮಾಡಿದರು. ಅದಕ್ಕೆ ಸೈಟ್ ಅಂತ ಹೆಸರು. ಉಪಗ್ರಹ ಅಮೆರಿಕದ್ದು, ಎಟಿಎಸ್-6. ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. ನಮ್ಮ ಶಾಲೆಗೂ ಒಂದು ಟಿವಿ ಬಂತು. ಅದರ ಆಂಟೆನಾ ಹತ್ತು ಅಡಿ ಅಗಲದ ತಂತಿ ಬಲೆ. ಕೋಳಿ ಗೂಡಿಗೆ ಹಾಕುತ್ತಾರಲ್ಲ, ಅದೇ ಥರದ ಬಲೆ. ಊರಿಗೆ ಊರೇ ಅದನ್ನು ನೋಡಲು ಬಂದಿತ್ತು.

ಬೆಳಿಗ್ಗೆ ಮಕ್ಕಳ ಕಾರ್ಯಕ್ರಮ ಬರುತ್ತಿತ್ತು. ನಮ್ಮ ಮಾಸ್ತರು ಟಿವಿ ಹಚ್ಚುವ ಮುಂಚೆ ಹಲಗೆ ಮೇಲೆ ಎರಡು ಪ್ರಶ್ನೆ ಬರೆಯುತ್ತಿದ್ದರು. ಆಮೇಲೆ ತಾವು ಟಿವಿಯ ಪಕ್ಕದಲ್ಲಿ, ನಮ್ಮ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಅವರು ಟಿವಿ ನೋಡಿದ್ದೇ ಕಡಿಮೆ. ನಮ್ಮನ್ನೇ ನೋಡುತ್ತಿದ್ದರು. ಯಾರ ಹುಬ್ಬು ಗಂಟಿಕ್ಕಿತು, ಯಾರು ನಕ್ಕರು, ಯಾರು ಕಿಟಕಿ ಕಡೆ ತಿರುಗಿದರು ಎಲ್ಲ ಅವರಿಗೆ ಗೊತ್ತಿರುತ್ತಿತ್ತು. ಟಿವಿ ಆರಿಸಿದ ಮೇಲೆ ಸೀದಾ ಆ ಹುಡುಗನ ಹತ್ತಿರ ಹೋಗಿ, "ಅಲ್ಲಿ ಯಾಕ ನಕ್ಕೆಪಾ?" ಅಂತ ಕೇಳುತ್ತಿದ್ದರು. ಅಲ್ಲಿಂದ ಪಾಠ ಶುರು. ಒಂದು ವರ್ಷಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹವನ್ನು ಬೇರೆ ಕಡೆ ಒಯ್ದರು. ಟಿವಿ ಹೋದ ಮೇಲೂ ಮಾಸ್ತರು ಹಲಗೆ ಮೇಲೆ ಎರಡು ಪ್ರಶ್ನೆ ಬರೆಯುವುದನ್ನು ಬಿಡಲಿಲ್ಲ. ನಾನೂ ಮೂವತ್ತು ವರ್ಷಕ್ಕೂ ಜಾಸ್ತಿ ಅದನ್ನೇ ಮಾಡಿದೆ.

ಅದಕ್ಕೇ ಹೇಳುತ್ತೇನೆ, ನೀನು ಕಲಿತದ್ದು ದಂಡವಾಗಿಲ್ಲ. ಆದರೆ ನೀನು ಸಾಧನದಿಂದ ಪಾಠದ ಕಡೆ ಬಂದೆ. ಕ್ವಿಜ್ ಗೊತ್ತಿತ್ತು, ಅದಕ್ಕೆ ತಕ್ಕ ಪಾಠ ಹುಡುಕಿದೆ. ಒಮ್ಮೆ ಉಲ್ಟಾ ಮಾಡಿ ನೋಡು. ನಿನ್ನ 46 ಮಕ್ಕಳಿಗೆ ಇಂಗ್ಲಿಷಿನಲ್ಲಿ ಏನು ಆಗುತ್ತಿಲ್ಲ? ಓದಿದ್ದು ಅರ್ಥ ಆಗುತ್ತಿಲ್ಲವಾ, ಬಾಯಿ ತೆರೆಯಲು ಹೆದರುತ್ತಾರಾ, ಕಿವಿಗೆ ಬೀಳುತ್ತಿಲ್ಲವಾ? ಅದು ಗೊತ್ತಾದ ಮೇಲೆ ಸಾಧನ ಹುಡುಕು.

ನಮ್ಮ ಭಾಗದ ಮಕ್ಕಳಿಗೆ ಮುಖ್ಯವಾಗಿ ಬೇಕಾದದ್ದು ಕಿವಿ ಮತ್ತು ಬಾಯಿ ಅನ್ನುವುದು ನನ್ನ ಅನುಭವ. ಬರೆಯುವುದನ್ನು ಹೇಗೋ ನಿಭಾಯಿಸುತ್ತಾರೆ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಇಂಗ್ಲಿಷ್ ಮಾತು ಕೇಳುವುದಿಲ್ಲ. ಶಾಲೆಯಲ್ಲಿ ಕೇಳದಿದ್ದರೆ ಇನ್ನೆಲ್ಲಿ ಕೇಳಬೇಕು?

ಅದಕ್ಕೆ ನಿನ್ನ ಫೋನಿನಲ್ಲಿರುವ ರೆಕಾರ್ಡರ್ ಸಾಕು. ನೆಟ್ ಬೇಡ, ಪ್ರೊಜೆಕ್ಟರ್ ಬೇಡ, ಕರೆಂಟ್ ಹೋದರೂ ನಡೆಯುತ್ತದೆ. ಕುಷ್ಟಗಿ ತಾಲೂಕಿನ ಶಾಲೆಯಲ್ಲಿದ್ದಾಗ ನಾನು ಇದನ್ನು ಮಾಡುತ್ತಿದ್ದೆ. ಎಂಟನೇ ತರಗತಿಯ ಒಬ್ಬ ಹುಡುಗ ಓದುವಾಗ "ದಿ ಯೆಗ್ ಈಸ್ ಇನ್ ಯೆನ್ ಯೆಂಪ್ಟಿ ಬಾಕ್ಸ್" ಅನ್ನುತ್ತಿದ್ದ. ನಾನು ಹತ್ತು ಸಲ ತಿದ್ದಿದ್ದೆ. "ಎಗ್" ಅಂತ ನಾನು ಹೇಳಿದರೆ ಅವನು "ಯೆಗ್" ಅಂತ ತಿರುಗಿ ಹೇಳಿ, ಸರಿಯಾಗೇ ಹೇಳಿದೆನಲ್ಲ ಅನ್ನುವಂತೆ ನೋಡುತ್ತಿದ್ದ. ಅವನ ತಪ್ಪೇನಿಲ್ಲ. ನಾವು ಕನ್ನಡದಲ್ಲಿ "ಎಲ್ಲಿ" ಅಂತ ಬರೆದು "ಯೆಲ್ಲಿ" ಅನ್ನುತ್ತೇವೆ, "ಒಂದು" ಬರೆದು "ವೊಂದು" ಅನ್ನುತ್ತೇವೆ. ಶಬ್ದದ ಮೊದಲಿಗೆ ಎ, ಒ ಬಂದರೆ ನಮ್ಮ ನಾಲಿಗೆ ತಾನಾಗಿಯೇ ಯ, ವ ಸೇರಿಸುತ್ತದೆ. ಹಾಗಾಗಿ ಕಿವಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಒಂದು ದಿನ ಅವನು ಓದಿದ್ದನ್ನು ಫೋನಿನಲ್ಲಿ ಹಿಡಿದೆ. ಅದೇ ಸಾಲನ್ನು ನಾನೂ ಓದಿ ಹಿಡಿದೆ. ಎರಡನ್ನೂ ಒಂದರ ಹಿಂದೆ ಒಂದು ಹಚ್ಚಿದೆ. ಏನೂ ಹೇಳಲಿಲ್ಲ, ಸುಮ್ನೆ ಫೋನ್ ಅವನ ಕೈಗೆ ಕೊಟ್ಟೆ. ಅವನು ಕಿವಿಗೆ ಒತ್ತಿ ಹಿಡಿದು ಕೇಳಿದ. ಮತ್ತೆ ಕೇಳಿದ. ಮೂರನೇ ಸಲ ಕೇಳುವಾಗ ಅವನ ತುಟಿ ಅಲ್ಲಾಡುತ್ತಿತ್ತು. ಆಮೇಲೆ ತಲೆ ಎತ್ತಿ, "ಅಕ್ಕೋರ, ನಾ ಮುಂದ ಒಂದು 'ಯ' ಹಚ್ಚೇನ್ರಿ!" ಅಂದ. ನಾನು ವಾರಗಟ್ಟಲೆ ಹೇಳಿದ್ದು ಅವನಿಗೆ ತನ್ನ ದನಿಯಿಂದಲೇ ಗೊತ್ತಾಯಿತು. ಮರುದಿನ ಅವನೇ ಇಡೀ ಬೆಂಚಿಗೆ ಪರೀಕ್ಷೆ ಮಾಡುತ್ತಿದ್ದ: "ಎಗ್ ಅನ್ನು, ಎಂಪ್ಟಿ ಅನ್ನು."

46 ಮಕ್ಕಳನ್ನೂ ಒಂದೇ ದಿನ ರೆಕಾರ್ಡ್ ಮಾಡಲು ಆಗುವುದಿಲ್ಲ. ದಿನಕ್ಕೆ ಆರು ಜನ, ಒಬ್ಬರಿಗೆ ಅರ್ಧ ನಿಮಿಷ. ಎಂಟು ದಿನಕ್ಕೆ ಎಲ್ಲರೂ ಮುಗಿಯುತ್ತಾರೆ. ಇಂಟರ್ನ್‌ಶಿಪ್ ಮುಗಿಯುವ ವಾರ ಮತ್ತೆ ಒಂದು ಸುತ್ತು ಮಾಡಿ ಎರಡನ್ನೂ ಮಕ್ಕಳಿಗೆ ಕೇಳಿಸು. ನಮ್ಮ ಕಾಲಕ್ಕೆ ಬಿ.ಎಡ್. ಒಂದೇ ವರ್ಷ, ಶಾಲೆಯಲ್ಲಿ ಇರುತ್ತಿದ್ದದ್ದೂ ಕೆಲವೇ ವಾರ. ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮ ಬಂದ ಮೇಲೆ ಕೋರ್ಸ್ ಎರಡು ವರ್ಷ ಆಯಿತು, ಶಾಲೆಯಲ್ಲಿ ಒಟ್ಟು 20 ವಾರ ಇರಬೇಕು ಅಂತಾಯಿತು. ನಿನಗೆ ಸಮಯ ಇದೆ. ಒಂದು ಮಾತು ಮರೆಯಬೇಡ: ಮಕ್ಕಳ ದನಿಯನ್ನು ಯಾವ ವಾಟ್ಸಾಪ್ ಗುಂಪಿಗೂ ಹಾಕಬೇಡ. ಅದು ಅವರದ್ದು. ಕೆಲಸ ಮುಗಿದ ಮೇಲೆ ಅಳಿಸಿಬಿಡು.

ಇನ್ನು ನಿನ್ನ ಕ್ವಿಜ್. ಆಸೆಪಟ್ಟು ಮಾಡಿದ್ದೀಯ, ಬಿಡಬೇಡ. ಪ್ಲಿಕರ್ಸ್ ಅಂತ ಒಂದು ಆ್ಯಪ್ ಇದೆ. ಅದರಲ್ಲಿ ಮಕ್ಕಳ ಹತ್ತಿರ ಫೋನ್ ಇರಬೇಕಿಲ್ಲ. ಪ್ರತಿ ಮಗುವಿಗೆ ಒಂದು ಕಾಗದದ ಕಾರ್ಡ್. ಅದರ ಮೇಲೆ ಕಪ್ಪು ಚೌಕಗಳ ಚಿತ್ರ, ನಾಲ್ಕು ಬದಿಗೆ ಎ, ಬಿ, ಸಿ, ಡಿ ಅಂತ ಸಣ್ಣ ಅಕ್ಷರ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡ್ ಎತ್ತಿ ಹಿಡಿಯಬೇಕು. ನೀನು ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಆಡಿಸಿದರೆ ಯಾರು ಏನು ಹೇಳಿದರು ಅಂತ ತೆರೆ ಮೇಲೆ ಬರುತ್ತದೆ. ಒಬ್ಬೊಬ್ಬರ ಕಾರ್ಡ್ ಒಂದೊಂದು ಥರ ಇರುವುದರಿಂದ ಪಕ್ಕದವನದ್ದು ನೋಡಿ ತಿರುಗಿಸಿದರೆ ಉಪಯೋಗ ಇಲ್ಲ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವ ಹುಡುಗಿಯೂ ಎಲ್ಲರಂತೆ ಉತ್ತರ ಕೊಡುತ್ತಾಳೆ, ತಪ್ಪಾದರೂ ಯಾರೂ ನಗುವುದಿಲ್ಲ. ಇದಕ್ಕಾಗಿಯೇ ನನಗೆ ಅದು ಇಷ್ಟ. ಕಾರ್ಡನ್ನು ದಪ್ಪ ಕಾಗದದಲ್ಲಿ ಪ್ರಿಂಟ್ ಹಾಕಿಸು. ಮಿರುಗುವ ಲ್ಯಾಮಿನೇಷನ್ ಬೇಡ, ಬೆಳಕು ಬಿದ್ದು ಕ್ಯಾಮೆರಾಗೆ ಕಾಣುವುದಿಲ್ಲ. ನಿನ್ನ ಫೋನಿಗೆ ನೆಟ್ ಬೇಕು ಅನ್ನುವುದು ನಿಜ. ಅದೂ ಸಿಗದ ದಿನಕ್ಕೆ ಹಳೇ ಲಗ್ನಪತ್ರಿಕೆಗಳ ಹಿಂದೆ ದೊಡ್ಡದಾಗಿ ಎ, ಬಿ, ಸಿ, ಡಿ ಬರೆಸಿ ಇಟ್ಟುಕೋ. ಮಕ್ಕಳು ಎತ್ತಿ ಹಿಡಿಯಲಿ, ನೀನೇ ಎಣಿಸು.

ಶಾಲಾ ಪಾಠಗಳಿಗೆ ಸರ್ಕಾರ ಮಾಡಿರುವ ದೀಕ್ಷಾ ಆ್ಯಪ್ ನಿನಗೆ ಗೊತ್ತೇ ಇದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದರೆ ಆ ಪಾಠದ ವಿಡಿಯೋ ಬರುತ್ತದೆ. ಕೊಪ್ಪಳದ ರೂಮಿನಲ್ಲಿ ನೆಟ್ ಇರುವಾಗಲೇ ಇಳಿಸಿಕೊಂಡು ಹೋಗು. ಹಳ್ಳಿಗೆ ಹೋಗಿ ಹುಡುಕಬೇಡ.

ಟಿಪ್ಯಾಕ್ ಬಗ್ಗೆ ಒಂದು ಮಾತು. 2006ರಲ್ಲಿ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ ಅನ್ನುವ ಅಮೆರಿಕದ ಇಬ್ಬರು ಪ್ರಾಧ್ಯಾಪಕರು ಇದರ ಬಗ್ಗೆ ಬರೆದರು. ವಿಷಯ, ಬೋಧನೆ, ತಂತ್ರಜ್ಞಾನ ಅಂತ ಮೂರು ವೃತ್ತ. ಅವು ಕೂಡುವ ಜಾಗದಲ್ಲಿ ಒಳ್ಳೆ ಪಾಠ. ನೀನು ಪರೀಕ್ಷೆಗೆ ಬರೆದದ್ದು ಇದೇ ಅಲ್ವಾ? ಪುಸ್ತಕ ತೆಗೆದು ಆ ಚಿತ್ರವನ್ನು ಇನ್ನೊಮ್ಮೆ ನೋಡು. ಮೂರರ ಸುತ್ತ ಚುಕ್ಕಿ ಗೆರೆಯ ಒಂದು ದೊಡ್ಡ ವೃತ್ತ ಇರುತ್ತದೆ. ಅದಕ್ಕೆ ಸಂದರ್ಭ ಅಂತ ಹೆಸರು. ನಿನ್ನ ಶಾಲೆಯ ಕರೆಂಟ್, ನೆಟ್, 46 ಮಕ್ಕಳು, ಕೊಯ್ಲಿನ ವಾರ ಅರ್ಧ ತರಗತಿ ಖಾಲಿ ಇರುವುದು, ಎಲ್ಲ ಆ ವೃತ್ತದಲ್ಲಿ ಬರುತ್ತದೆ. ಮುಂದಿನ ಪಾಠ ಯೋಜನೆ ಬರೆಯುವಾಗ ಮೊದಲು ಅದನ್ನು ತುಂಬಿಸು. "ಕರೆಂಟ್ ಇಲ್ಲದಿದ್ದರೆ" ಅಂತ ಒಂದು ಸಾಲು ಬರೆದು, ಆ ಸಾಲಿನ ಪ್ರಕಾರವೂ ಪಾಠ ನಡೆಯುತ್ತದಾ ಅಂತ ಮನೆಯಲ್ಲೇ ಮಾಡಿ ನೋಡು. ನಿಮ್ಮ ಸರ್ ಅವರನ್ನು ನೀನೇ ಇನ್ನೊಮ್ಮೆ ಕರೆ. ಖಂಡಿತ ಬರುತ್ತಾರೆ.

ಪ್ರಶ್ನೆ: ಅಕ್ಕೋರೇ, ನಮ್ಮ ಬ್ಯಾಚಿನಲ್ಲಿ ಎಲ್ಲರೂ ಲೆಸನ್ ಪ್ಲಾನ್‌ಗಳನ್ನು ಚಾಟ್‌ಜಿಪಿಟಿಯಿಂದ ಬರೆಸುತ್ತಿದ್ದಾರೆ. ನಾನೊಬ್ಬನೇ ಕೈಯಿಂದ ಬರೆದು ರಾತ್ರಿ ಒಂದು ಗಂಟೆ ಆಗುತ್ತಿದೆ. ನಾನೂ ಬರೆಸಿದರೆ ತಪ್ಪಾ?

— ಪ್ರಶಿಕ್ಷಣಾರ್ಥಿ, ರಾಯಚೂರು

ಉತ್ತರ: ತಮ್ಮಾ, ಪೂರ್ತಿ ಪ್ಲಾನ್ ಬರೆಸಬೇಡ. ಲೆಸನ್ ಪ್ಲಾನ್ ಬರೆಯುವುದು ಫೈಲ್ ತುಂಬಿಸಲು ಅಲ್ಲ. ನಾಳೆ ಹತ್ತೂಕಾಲಿಗೆ ತರಗತಿಯಲ್ಲಿ ಏನಾಗುತ್ತದೆ ಅಂತ ನೀನು ಮನಸ್ಸಿನಲ್ಲಿ ಒಮ್ಮೆ ನಡೆದು ನೋಡುವುದು. ಆ ನಡಿಗೆಯನ್ನು ಬೇರೆಯವರಿಂದ ಮಾಡಿಸಿದರೆ ತರಗತಿಯಲ್ಲಿ ದಾರಿ ತಪ್ಪುತ್ತದೆ. ನಾನು ಒಂದು ಪ್ಲಾನ್ ನೋಡಿದೆ, ಅದರಲ್ಲಿ "ಪ್ರತಿ ವಿದ್ಯಾರ್ಥಿ ತನ್ನ ಟ್ಯಾಬ್ ತೆರೆಯಲಿ" ಅಂತ ಇತ್ತು. ಆ ಶಾಲೆಯ ಮಕ್ಕಳಿಗೆ ಸರಿಯಾದ ಪೆನ್ನೂ ಇರಲಿಲ್ಲ.

ಆದರೆ ನಿನ್ನ ನಿದ್ದೆಯೂ ಮುಖ್ಯ. 2022ರ ನವೆಂಬರಿನಲ್ಲಿ ಬಂದ ಸಾಧನ ಅದು, ನಮ್ಮ ಹಿಂದಿನವರಿಗೆ ಸಿಗದ ಒಂದು ಸಹಾಯ ಅದರಿಂದ ಇದೆ. ಅಭ್ಯಾಸಕ್ಕೆ ಬೇಕಾದ ಸಾಮಗ್ರಿ ಮಾಡಲು ಬಳಸು. ಪಾಠದ ಒಂದು ಪ್ಯಾರಾ ಕೊಟ್ಟು, ಇದನ್ನೇ ಇನ್ನೂ ಸುಲಭದ ಮಾತಿನಲ್ಲಿ ಎರಡು ಥರ ಬರೆದುಕೊಡು ಅನ್ನು. ಒಂದೇ ತರಗತಿಯಲ್ಲಿ ಮೂರು ಮಟ್ಟದ ಮಕ್ಕಳು ಇರುತ್ತಾರಲ್ಲ, ಅವರಿಗೆ ಕೆಲಸಕ್ಕೆ ಬರುತ್ತದೆ. ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಮಾನ್ವಿ ಬಸ್ ಕೇಳುವ ಹುಡುಗ ಮತ್ತು ಕಂಡಕ್ಟರ್ ನಡುವೆ ಎಂಟು ಸಾಲಿನ ಇಂಗ್ಲಿಷ್ ಮಾತುಕತೆ ಬರೆಸು. ಬಂದದ್ದನ್ನು ಪ್ರತಿ ಸಾಲೂ ಓದಿ ತಿದ್ದು. ಅದು ತಪ್ಪನ್ನೂ ಸರಿಯಷ್ಟೇ ಧೈರ್ಯದಿಂದ ಹೇಳುತ್ತದೆ. ಪ್ಲಾನ್‌ನ ಪ್ರಶ್ನೆಗಳನ್ನು ಮಾತ್ರ ನೀನೇ ಬರೆ. ನಿನ್ನ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ನಿನಗಷ್ಟೇ ಗೊತ್ತು.

ಪ್ರಶ್ನೆ: ನನ್ನ ಉಚ್ಚಾರಣೆ ಚೆನ್ನಾಗಿಲ್ಲ ಅಂತ ನನಗೇ ಅಳುಕು. ಎಲ್ಲ ಪಾಠಕ್ಕೂ ವಿಡಿಯೋ ಹಾಕಿಬಿಟ್ಟರೆ ಸಾಕಲ್ವಾ ಅಕ್ಕೋರೇ?

— ಬಿ.ಎಡ್. ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಸಾಕಾಗುವುದಿಲ್ಲ ತಂಗಿ. ಮಗು "ಏನಂದ್ರಿ ಅಕ್ಕೋರ?" ಅಂತ ತಿರುಗಿ ಕೇಳಿದರೆ ವಿಡಿಯೋ ಉತ್ತರ ಕೊಡುವುದಿಲ್ಲ. ಕೇಂಬ್ರಿಜ್ ನಿಘಂಟು ಫೋನಿನಲ್ಲೇ ಪುಕ್ಕಟೆ ಸಿಗುತ್ತದೆ. ಪ್ರತಿ ಶಬ್ದದ ಪಕ್ಕ ಸ್ಪೀಕರಿನ ಗುರುತು ಎರಡು ಇರುತ್ತವೆ, ಒಂದು ಬ್ರಿಟಿಷ್, ಒಂದು ಅಮೆರಿಕನ್. ಒಂದನ್ನೇ ಹಿಡಿದುಕೋ. ನಾಳಿನ ಪಾಠದ ಹತ್ತು ಶಬ್ದ ರಾತ್ರಿ ಕೇಳು, ಗಟ್ಟಿಯಾಗಿ ಹೇಳು, ನಿನ್ನ ದನಿಯನ್ನೂ ರೆಕಾರ್ಡ್ ಮಾಡಿ ಪಕ್ಕದಲ್ಲಿಟ್ಟು ಕೇಳು. ಬೆಳಿಗ್ಗೆ ಬಸ್ಸಿನಲ್ಲಿ ಇನ್ನೊಮ್ಮೆ. ಇವತ್ತು ಬುಧವಾರದ ಇಂಗ್ಲಿಷ್ ಶಬ್ದದಿಂದಲೇ ಶುರು ಮಾಡು. ಬರೆಯುವಾಗ ಮೊದಲ 'ಡಿ' ಇದೆ, ಹೇಳುವಾಗ ಇಲ್ಲ: ವೆನ್ಸ್‌ಡೇ.